ಗೋಲಿ ಉರುಳದ ಓಣಿ

ನಮ್ಮ ಓಣಿಯ ಈ ತುದಿಯಲ್ಲಿ ನಿಂತು ಆ ತುದಿಯತ್ತ ನೋಡಿದರೆ ನಡುವೆ ತಗ್ಗಿರುವಂತೆ ಕಾಣುತ್ತದೆ. ಆದರೆ ಗೋಲಿಯನ್ನು ಎಲ್ಲಿಟ್ಟರೂ ಅದು ಅಲ್ಲೇ ನಿಲ್ಲುತ್ತದೆ; ತಗ್ಗಿನ ಕಡೆಗೆ ಉರುಳುವುದೇ ಇಲ್ಲ. ಚಿಕ್ಕವಳಿದ್ದಾಗ ಇದು ಯಾಕೆ ಹೀಗೆ ಎಂದು ಅವ್ವನನ್ನು ಕೇಳಿದ್ದೆ. ‘ಕಣ್ಣಿಗೆ ತಗ್ಗು, ಗೋಲಿಗೆ ಸಮ’ ಎಂದು ಹೇಳಿ ನನ್ನ ಕೈಗೆ ಕಸಬರಿಗೆ ಕೊಟ್ಟಳು. ತಳಪೇಟೆಯ ಮಕ್ಕಳಿಗೆಲ್ಲ ಸಿಗುವ ಉತ್ತರ ಅದೇ. ಇನ್ನೂ ಹೆಚ್ಚು ಕೇಳಿದರೆ ಅದೇ ಕಸಬರಿಗೆಯಿಂದ ಎರಡು ಏಟೂ ಸಿಗುತ್ತವೆ.

ತಳಪೇಟೆ ನೆಲದ ಕೆಳಗಿನ ಊರು. ಮುತ್ತಜ್ಜಂದಿರ ಕಾಲದಲ್ಲಿ ಮೇಲಿನ ಗಾಳಿ ಕೆಟ್ಟಾಗ, ಬಯಲುಸೀಮೆಯ ಒಂದಿಷ್ಟು ಹಳ್ಳಿಯವರು ಬಂಡೆಯೊಳಗೆ ಈ ಪೇಟೆ ಕೊರೆದು ಇಳಿದರಂತೆ. ಗಾಳಿ ತಿಳಿಯಾದ ದಿನ ಮೇಲ್ಬಾಗಿಲು ತೆರೆಯುತ್ತದಂತೆ. ಈ ‘ಅಂತೆ’ಗಳ ಮೇಲೆಯೇ ನಾವು ಹುಟ್ಟಿ ಬೆಳೆದದ್ದು. ನಮ್ಮ ಗಾದೆಗಳಲ್ಲಿ ಎತ್ತು, ಮಳೆ, ಹುಣ್ಣಿಮೆ ಎಲ್ಲ ಇವೆ. ಅವನ್ನು ಕಂಡವರು ಮಾತ್ರ ಒಬ್ಬರೂ ಇಲ್ಲ. ಉದ್ದಕ್ಕೆ ಕೆಲವು ಬೀದಿಗಳು, ಅವಕ್ಕೆ ಅಡ್ಡಡ್ಡ ಓಣಿಗಳು, ಆಚೆ ಹೊಲದ ಕೋಣೆಗಳು, ಕೊನೆಗೆ ಎಡಕ್ಕೂ ಬಲಕ್ಕೂ ಬೀಗ ಹಾಕಿದ ಯಂತ್ರದ ಗೋಡೆ. ಅಲ್ಲಿಗೆ ನಮ್ಮ ಜಗತ್ತು ಮುಗಿಯಿತು.

ಯುಗಾದಿಯ ದಿನ ಊರೆಲ್ಲ ಮೆಟ್ಟಿಲೇರಿ ಮೇಲ್ಬಾಗಿಲಿಗೆ ಹೋಗುವುದು ಪದ್ಧತಿ. ಊರಿನ ಹಿರಿಯ ಮೂರು ಸಲ ಬಾಗಿಲು ತಟ್ಟಿ, ಕಿವಿಯಿಟ್ಟು ಕೇಳಬೇಕು. ಆಚೆಯಿಂದ ಸದ್ದು ಬಂದದ್ದು ಎಂದೂ ಇಲ್ಲ. ಆಮೇಲೆ ಎಲ್ಲರೂ ಬೇವುಬೆಲ್ಲ ತಿಂದು ಇಳಿಯುತ್ತಾರೆ. ಮೆಟ್ಟಿಲು ಏರುತ್ತ ಹೋದಂತೆ ಮೈ ಹಗುರಾಗುತ್ತದೆ, ಮಂಡಿನೋವಿನ ಮುದುಕಿಯರೂ ಸರಸರ ಹತ್ತುತ್ತಾರೆ. ಮೇಲ್ಬಾಗಿಲ ಹತ್ತಿರ ಪಾಪದ ಭಾರ ಇಳಿಯುತ್ತದೆ ಎಂದು ನಂಬಿಕೆ. ನಾನೂ ನಂಬಿದ್ದೆ. ನಮ್ಮ ಓಣಿಯ ಕೆಲವರ ಬಾಯಿ ನೋಡಿದರೆ ಅವರು ಇನ್ನೂ ಹಗುರಾಗಬೇಕಿತ್ತು, ಆ ಮಾತು ಬೇರೆ.

ಈಗ ನಮ್ಮ ಊರಿಗೆ ಹಿರಿಯರು ನನ್ನ ಮಾವ ಯಮನಪ್ಪ. ಅವರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ, ಸಾಯುವುದರೊಳಗೆ ಮೇಲೆ ಹೋಗಿ ನಿಜವಾದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಅತ್ತೆ ಅದೇ ಆಸೆಯಲ್ಲಿ ಕಣ್ಣು ಮುಚ್ಚಿದರು. ಅವರ ಬೂದಿಯನ್ನು ಮಾವ ಒಂದು ತಾಮ್ರದ ಗಿಂಡಿಯಲ್ಲಿ ಕಟ್ಟಿಟ್ಟಿದ್ದಾರೆ; ಬಾಗಿಲು ತೆರೆದ ದಿನ ಹೊಳೆಗೆ ಬಿಡಬೇಕಂತೆ. ದಿನಾ ಬೆಳಿಗ್ಗೆ ಆ ಗಿಂಡಿಯನ್ನು ಒರೆಸಿ ಇಡುವವಳು ನಾನು.

ಈ ವರ್ಷ ನೀರು ಕಡಿಮೆಯಾಯಿತು. ನನಗಿರುವುದು ನೀರುಮನೆಯಲ್ಲಿ ಕೆಲಸ. ಊರಿನ ನೀರೆಲ್ಲ ಸೋಸಿ ಮತ್ತೆ ಮನೆಮನೆಗೆ ಹೋಗುವುದನ್ನು ನಾವು ಪರದೆಯ ಮೇಲೆ ನೋಡಿಕೊಳ್ಳುತ್ತೇವೆ. ಸೋಸುವ ಯಂತ್ರಗಳು ಮುದಿಯಾಗಿವೆ, ಸುತ್ತಿಗೊಂದಿಷ್ಟು ನೀರು ಹಾಳಾಗುತ್ತದೆ. ನಮ್ಮ ಮುಖ್ಯಸ್ಥರು ರಾಚಯ್ಯ. ಅವರು ಮನೆಗೆ ದಿನಕ್ಕೆ ಎರಡು ಕೊಡ ಎಂದರು, ಆಮೇಲೆ ಒಂದು ಎಂದರು. ಒಂದು ಕೊಡದಲ್ಲಿ ಅಡಿಗೆ, ಕುಡಿಯುವುದು, ಮೈಗೆ ಒದ್ದೆ ಬಟ್ಟೆ, ಎಲ್ಲ ಆಗಬೇಕು. ಊರಿನವರು ಅವರನ್ನು ಬಯ್ದಷ್ಟೇ ನನ್ನನ್ನೂ ಬಯ್ದರು. ನೀರುಮನೆಯವಳ ಮನೆಯಲ್ಲಿ ಸ್ನಾನ ನಡೆಯುತ್ತದೆ ಎಂದು ಯಾರೋ ಪುಕಾರು ಹಬ್ಬಿಸಿದರು. ನನ್ನ ತಲೆ ಮೂಸಿ ನೋಡಿದ್ದರೆ ನಿಜ ಗೊತ್ತಾಗುತ್ತಿತ್ತು.

ಆಗ ಮಾವನಿಗೆ ಅವರ ಅಜ್ಜನ ವಿದ್ಯೆ ನೆನಪಾಯಿತು. ಅವರದು ನೀರು ನೋಡುವವರ ಮನೆತನ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ನಡೆಯುವುದು, ಸೆಲೆ ಇರುವ ಕಡೆ ಕಾಯಿ ತಾನೇ ಎದ್ದು ನಿಲ್ಲುತ್ತದೆ. ಹೊಲದ ಕೋಣೆಯ ಒಂದೇ ಒಂದು ತೆಂಗಿನ ಮರದಿಂದ ಕಾಯಿ ತಂದು ಊರೆಲ್ಲ ನಡೆದರು. ಜನ ಹಿಂದೆ ಹಿಂದೆ ಹೋದರು. ಕೊನೆಗೆ ನಮ್ಮ ಓಣಿಯ ನಟ್ಟನಡುವೆ, ನಮ್ಮ ಮನೆಯ ಎದುರಿಗೇ ಕಾಯಿ ನೆಟ್ಟಗೆ ನಿಂತಿತು.

“ಭೂಮಿ ಅಂದ ಮ್ಯಾಲೆ ಕೆಳಗ ನೀರು ಇದ್ದ ಇರತೈತಿ,” ಅಂದರು ಮಾವ. “ಕೊರದರ ಸಿಗತೈತಿ. ಇಷ್ಟ ದಿನ ನಮಗ ಬುದ್ಧಿ ಇರಲಿಲ್ಲ.”

ಮೊಳದಾಳಕ್ಕಿಂತ ಕೆಳಗೆ ನೆಲ ಅಗೆಯಬಾರದು, ಕೆಟ್ಟ ಗಾಳಿ ನುಗ್ಗುತ್ತದೆ ಎನ್ನುವುದು ಊರಿನ ಕಟ್ಟಳೆ. ಬಾಯಾರಿದವರಿಗೆ ಕಟ್ಟಳೆ ಯಾವ ಲೆಕ್ಕ. ನನ್ನ ಗಂಡ ಗದ್ಗೆಪ್ಪ ಯಂತ್ರದ ಗೋಡೆಯ ಕಡೆ ಕೊರೆಯುವ ಮಿಷನ್ ನಡೆಸುವವನು. ಅವನು ಮಿಷನ್ನನ್ನು ಬಿಡಿಬಿಡಿಯಾಗಿ ಮನೆಗೆ ಸಾಗಿಸಿದ. ಓಣಿಯಲ್ಲಿ ಕಟ್ಟೆ ಕಟ್ಟುತ್ತೇವೆ ಎಂದು ನೀರುಮನೆಗೆ ನೆಪ ಹೇಳಿ ಓಣಿಯವರು ಸುತ್ತ ಪರದೆ ಕಟ್ಟಿದರು. ಸತ್ಯ ಹೇಳಬೇಕೆಂದರೆ ನನಗೂ ಸಂತೋಷವಾಗಿತ್ತು. ಒಮ್ಮೆಯಾದರೂ ತಲೆಗೆ ನೀರು ಸುರಿದುಕೊಳ್ಳಬೇಕು ಅನ್ನಿಸಿತ್ತು.

ನನಗೆ ಗಂಡ ಒಪ್ಪಿಸಿದ ಕೆಲಸ ಸಣ್ಣದು. ಬೋರಿನ ನೀರು ಮನೆಮನೆಗೆ ಹರಿಯಲು ಪೈಪು ಹಾಕಬೇಕಲ್ಲ, ಅದಕ್ಕೆ ಓಣಿಯ ಉದ್ದಕ್ಕೂ ಗೋಡೆಗಳ ಮೇಲೆ ಒಂದೇ ಮಟ್ಟದ ಗುರುತು ಹಾಕಬೇಕು. ನೀರುಮನೆಯಲ್ಲಿ ಲೆವೆಲ್ ಪೈಪು ಇದೆ. ತೆಳ್ಳನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಕಡೆ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗೌಂಡಿಗಳು ಮನೆ ಕಟ್ಟುವಾಗ ಮಾಡುವುದೂ ಇದನ್ನೇ. ಓಣಿಯ ಎರಡು ತುದಿಗೆ ಗುರುತು ಹಾಕಿ, ಆ ಗುರುತುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಪೈಪಿನ ಒಂದು ತುದಿಯನ್ನು ಗುರುತಿಗೆ ಕಟ್ಟಿ, ಇನ್ನೊಂದನ್ನು ನಡುವೆ ತಂದು ನಮ್ಮ ಮನೆಯ ಗೋಡೆಗೆ ಹಿಡಿದೆ. ನೀರು ದಾರಕ್ಕಿಂತ ಒಂದು ಗೇಣು ಕೆಳಗೆ ನಿಂತಿತ್ತು.

ಪೈಪಿನಲ್ಲಿ ಗಾಳಿಗುಳ್ಳೆ ಸೇರಿದೆ ಎಂದುಕೊಂಡು ತಟ್ಟಿ ತಟ್ಟಿ ಬಿಡಿಸಿದೆ. ಮತ್ತೆ ಹಿಡಿದೆ. ಅದೇ ಗೇಣು. ದಾರ ತನ್ನ ಭಾರಕ್ಕೆ ತಾನೇ ಸ್ವಲ್ಪ ಜೋತು ಬೀಳುತ್ತದೆ. ನೀರು ಆ ಜೋತ ದಾರಕ್ಕಿಂತಲೂ ಕೆಳಗಿತ್ತು. ಪಕ್ಕದ ಓಣಿಗೆ ಹೋಗಿ ನೋಡಿದೆ, ಅಲ್ಲಿಯೂ ಹಾಗೇ. ದೊಡ್ಡ ಬೀದಿಯ ಉದ್ದಕ್ಕೆ ಹಿಡಿದು ನೋಡಿದೆ, ಅಲ್ಲಿ ದಾರವೂ ನೀರೂ ಸರಿಯಾಗಿ ಹೊಂದಿದವು.

ನೀರುಮನೆಗೆ ಸೇರುವಾಗ ನಮಗೆ ಕಲಿಸುವ ಮೊದಲ ಪಾಠವೇ ಭೂಮಿಯ ಆಕಾರ. ಭೂಮಿ ಅಪ್ಪಟ ಚೆಂಡಲ್ಲ, ಅಲ್ಲಲ್ಲಿ ದಿಣ್ಣೆ ತಗ್ಗು ಇರುವ ಬಟಾಟೆಯಂಥದ್ದು. ಆದರೂ ಒಟ್ಟಿನಲ್ಲಿ ದುಂಡಗಿದೆ. ಆದ್ದರಿಂದ ನಿಂತ ನೀರಿನ ಮೈ ಸಪಾಟಾಗಿರದೆ ನಡುವೆ ಉಬ್ಬಿರುತ್ತದೆ. ಓಣಿಯಷ್ಟು ದೂರಕ್ಕೆ ಆ ಉಬ್ಬು ಕೂದಲೆಳೆಯಷ್ಟೂ ಇರುವುದಿಲ್ಲ, ನಿಜ. ಆದರೆ ಉಬ್ಬಬೇಕು. ತಗ್ಗಬಾರದು. ನಮ್ಮ ನೀರು ತಗ್ಗಿತ್ತು, ಅದೂ ಗೇಣುದ್ದ. ಚೆಂಡಿನ ಹೊರಮೈ ಮೇಲೆ ಬದುಕುವವರ ನೀರು ಹೀಗೆ ನಿಲ್ಲುವುದಿಲ್ಲ. ಇದು ಪೀಪಾಯಿಯ ಒಳಮೈಗೆ ಅಂಟಿಕೊಂಡವರ ನೀರು. ಒಂದು ಕಡೆಗೆ ನೇರ, ಇನ್ನೊಂದು ಕಡೆಗೆ ಬಾಗಿದ್ದು. ಗೋಲಿ ಉರುಳದ ಕಾರಣ ಆಗ ಹೊಳೆಯಿತು. ಕಣ್ಣಿನದು ತಪ್ಪಲ್ಲ. ತಗ್ಗು ನಿಜವಾಗಿಯೂ ಇದೆ, ಆ ತಗ್ಗೇ ನಮ್ಮ ಸಮ.

ಮಧ್ಯಾಹ್ನದ ಪಾಳಿಯಲ್ಲಿ ರಾಚಯ್ಯನವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ನನ್ನನ್ನು ಬಯ್ಯುತ್ತಾರೆ ಅಂದುಕೊಂಡಿದ್ದೆ. ಮುದುಕ ಎದ್ದು ಮೂಲೆಯ ಸಣ್ಣ ಕೋಣೆಯ ಬೀಗ ತೆಗೆದರು. ಒಳಗೆ ಒಂದೇ ಪರದೆ. ಅದರ ತುಂಬ ಕಪ್ಪು, ಕಪ್ಪಿನಲ್ಲಿ ಬೆಳಕಿನ ಚುಕ್ಕೆಗಳು ಈ ಅಂಚಿನಿಂದ ಆ ಅಂಚಿಗೆ ಜಾರುತ್ತಿದ್ದವು.

“ತಡಿ, ಈಗ ಬರತೈತಿ,” ಎಂದರು. ಕೊಂಚ ನೀಲಿ ಛಾಯೆಯ ಒಂದು ಚುಕ್ಕೆ ಬಂತು, ಜಾರಿತು, ಹೋಯಿತು. “ಅದ ನೋಡು ಭೂಮಿ.”

ಪಾಠದಲ್ಲಿ ಕಲಿತ ದಿಣ್ಣೆ, ತಗ್ಗು, ದುಂಡು, ಯಾವುದೂ ಅದರಲ್ಲಿ ಇರಲಿಲ್ಲ. ಅದಕ್ಕೆ ಆಕಾರವೇ ಇರಲಿಲ್ಲ. ಸಾಸಿವೆಕಾಳಿಗಾದರೂ ಒಂದು ಆಕಾರ ಇರುತ್ತದೆ.

ಆಮೇಲೆ ಅವರು ಎಲ್ಲ ಹೇಳಿದರು. ಗಾಳಿ ಕೆಟ್ಟದ್ದು ನಿಜ. ಜನ ಇಳಿದದ್ದು ಸುಳ್ಳು. ಅವರು ಭೂಮಿಯನ್ನೇ ಬಿಟ್ಟು ಹೊರಟು ಬಂದಿದ್ದರು. ಇದು ಆಕಾಶದ ಬಯಲಲ್ಲಿ ತನ್ನ ಸುತ್ತ ತಾನೇ ತಿರುಗುತ್ತ ಹೋಗುತ್ತಿರುವ ಒಂದು ದೊಡ್ಡ ಪೀಪಾಯಿ. ನೀರು ಸಾಕಷ್ಟಿದ್ದ ಕಾಲದಲ್ಲಿ ನಾವೆಲ್ಲ ಚಿಕ್ಕ ಕೊಡಕ್ಕೆ ಹಗ್ಗ ಕಟ್ಟಿ ಗಿರಗಿರ ತಿರುಗಿಸುತ್ತಿದ್ದೆವು, ಕೊಡ ತಲೆಕೆಳಗಾದರೂ ನೀರು ಚೆಲ್ಲುತ್ತಿರಲಿಲ್ಲ. ನಾವು ಆ ಕೊಡದ ನೀರು. ತಿರುಗುವ ರಭಸವೇ ನಮ್ಮನ್ನು ನೆಲಕ್ಕೆ ಒತ್ತಿ ಹಿಡಿದಿದೆ. ಮೇಲೆ ಹೋದಷ್ಟೂ ತಿರುಗುವ ನಡುಗಂಬ ಹತ್ತಿರವಾಗುತ್ತದೆ, ಮೈ ಹಗುರಾಗುತ್ತದೆ. ಪಾಪ ಎಲ್ಲಿದ್ದದ್ದು ಅಲ್ಲೇ ಇರುತ್ತದೆ. ಮೊದಲು ಬಂದವರ ಮಕ್ಕಳು ಊರು ಊರು ಎಂದು ಅಳುತ್ತ ಅನ್ನ ಬಿಟ್ಟರಂತೆ. ಅವರನ್ನು ಸಮಾಧಾನ ಮಾಡಲು ಊರು ಮೇಲೆಯೇ ಇದೆ, ಬಾಗಿಲಾಚೆ ಇದೆ ಎಂದು ಹೇಳಿದರು. ಮಕ್ಕಳಿಗೆ ಹೇಳಿದ ಆ ಮಾತಿನೊಳಗೇ ನಾವು ಇಷ್ಟು ತಲೆಮಾರು ಸಂಸಾರ ಮಾಡಿದ್ದು.

ನಾನು ಬೋರಿನ ವಿಷಯ ಬಾಯಿ ಬಿಟ್ಟೆ. ರಾಚಯ್ಯನವರು ನಮ್ಮ ಕಾಲ ಕೆಳಗೆ ಏನಿದೆ ಎಂದು ಹೇಳಿದರು. ನೆಲದ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಲೋಹದ ಒಳಗೋಡೆ, ಅದರ ಕೆಳಗೆ ನೀರು. ಹೌದು, ಮಾವನ ಕಾಯಿ ಸುಳ್ಳು ಹೇಳಿರಲಿಲ್ಲ. ಬಯಲಿನ ಸುಡುವ ಕಿರಣಗಳು ನಮಗೆ ತಾಗದಿರಲಿ ಎಂದು ಪೀಪಾಯಿಯ ಸುತ್ತ ಆಳೆತ್ತರದ ನೀರಿನ ಹೊದಿಕೆ ತುಂಬಿದ್ದಾರೆ. ಆ ನೀರಿನ ಕೆಳಗೆ ಹೊರಗೋಡೆ. ಅದರಾಚೆ ಏನೂ ಇಲ್ಲ. ಹೊರಗೋಡೆ ತೂತಾದರೆ ನೀರು ಮೊದಲು ಹೋಗುತ್ತದೆ, ಹಿಂದೆಯೇ ಗಾಳಿ, ಗಾಳಿಯ ಹಿಂದೆ ನಾವು.

ಹೋಗಿ ಎಲ್ಲರಿಗೂ ಹೇಳೋಣ ಎಂದೆ. ಅವರು ಬೇಡವೇ ಬೇಡ ಎಂದರು. ಸತ್ಯ ಗೊತ್ತಾದರೆ ಜನ ಅನ್ನ ಬಿಟ್ಟು ಸಾಯುತ್ತಾರೆ, ಹೇಳದಿದ್ದರೆ ಕೊರೆದುಕೊಂಡು ಸಾಯುತ್ತಾರೆ. ನುಂಗಲಾರದ ಉಗುಳಲಾರದ ಬಿಸಿತುಪ್ಪ. ಕೊನೆಗೆ ಅವರು ತಮ್ಮ ಬುದ್ಧಿಗೆ ತೋಚಿದ್ದನ್ನು ಮಾಡಿದರು, ನಮ್ಮ ಓಣಿಯ ಕರೆಂಟು ತೆಗೆದರು.

ಇದರಂಥ ಹುಚ್ಚು ಕೆಲಸ ಇನ್ನೊಂದಿಲ್ಲ. ನಾನು ಮನೆಗೆ ಓಡುವಷ್ಟರಲ್ಲಿ ಗದ್ಗೆಪ್ಪ ದೊಡ್ಡ ಬೀದಿಯ ದೀಪದ ತಂತಿಗೆ ಕೊಂಡಿ ಹಾಕಿ ಮಿಷನ್ ಮತ್ತೆ ಶುರು ಮಾಡಿದ್ದ. ನೀರುಮನೆಯವರು ಕರೆಂಟು ತೆಗೆದರು ಎಂದರೆ ಕೆಳಗೆ ನೀರಿರುವುದು ಅವರಿಗೆ ಗೊತ್ತು, ಬಚ್ಚಿಟ್ಟಿದ್ದಾರೆ ಎಂದು ಜನ ಕುದಿಯುತ್ತಿದ್ದರು. ಮೊದಲು ಕದ್ದು ಕೊರೆಯುತ್ತಿದ್ದವರು ಈಗ ಪರದೆ ಕಿತ್ತೆಸೆದು ಕೊರೆಯುತ್ತಿದ್ದರು. ಇಡೀ ಓಣಿ ಅಲ್ಲಿತ್ತು. ಲೋಹ ತಗುಲಿ ಕೀರಲು ಸದ್ದು ಬಂತು. ಗಟ್ಟಿ ಬಂಡೆ, ಇನ್ನು ಸ್ವಲ್ಪ ಎಂದು ಯಾರೋ ಹುರಿದುಂಬಿಸಿದರು. ಬಿಡಿ, ನಿಲ್ಲಿಸಿ ಎಂದು ನಾನು ಅರಚಿದ್ದು ಮಿಷನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಅಷ್ಟರಲ್ಲಿ ನೆಲ ನಡುಗಿತು, ಕೊಳವೆಯ ಬಾಯಿಂದ ನೀರು ಮೊಣಕಾಲೆತ್ತರಕ್ಕೆ ಬುಗ್ಗೆಯಾಗಿ ಚಿಮ್ಮಿತು.

ಆ ಸಂತೋಷವನ್ನು ಏನೆಂದು ಹೇಳಲಿ. ಹೆಂಗಸರು ಸೀರೆಯ ಸೆರಗು ಒಡ್ಡಿದರು, ಗಂಡಸರು ನೆಲಕ್ಕೆ ಬಿದ್ದು ನೆಕ್ಕಿದರು. ಮಾವ ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡು ಗಳಗಳ ಅತ್ತರು. ಭೂಮಿತಾಯಿ ಇದ್ದಾಳೆ, ನಮ್ಮ ಕೆಳಗೇ ಇದ್ದಾಳೆ ಎನ್ನುತ್ತಿದ್ದರು. ಗದ್ಗೆಪ್ಪ ಮಿಷನ್ ನಿಲ್ಲಿಸಿದ. ಬದುಕಿದೆವು ಎಂದುಕೊಂಡೆ. ಆಗ ಮಾವ ಕಣ್ಣೊರೆಸಿಕೊಂಡು ಕೈ ಎತ್ತಿದರು.

“ಮೊದಲ ನೀರಿಗೆ ನಿಂದರಬಾರದು. ಮ್ಯಾಲಿನ ಸೆಲಿ ಬೇಸಗಿಗೆ ಬತ್ತತೈತಿ, ನಮ್ಮ ಮುತ್ಯಾ ಹೇಳತಿದ್ದ. ಇನ್ನೊಂದು ರಾಡು ಇಳಸು, ಗದ್ಗೆಪ್ಪ.”

ಬೋರು ಕೊರೆಸಿದ ಮನೆತನಗಳಿಗೆಲ್ಲ ಗೊತ್ತಿರುವ ಮಾತು ಅದು. ಮೊದಲ ಸೆಲೆ ಕಂಡ ಕೂಡಲೇ ನಿಲ್ಲಿಸಿದವನು ಹೆಡ್ಡ. ಮುತ್ತಜ್ಜಂದಿರು ಹೊಲಮನೆ ಬಿಟ್ಟು ಬಂದರು, ಈ ಮಾತು ಬಿಟ್ಟು ಬರಲಿಲ್ಲ. ರಾಡೆಂದರೆ ಆಳೆತ್ತರ. ಆಳೆತ್ತರದ ನೀರಿನ ಕೆಳಗೆ ಏನಿದೆ ಎಂದು ಆ ಓಣಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಹೋಗಿ ಕೊಳವೆಯ ಬಾಯಿ ಮೇಲೆ ಕುಳಿತುಬಿಟ್ಟೆ. ಬೇರೇನೂ ತೋಚಲಿಲ್ಲ. ಸೀರೆಯೆಲ್ಲ ತೊಯ್ದು ತೊಪ್ಪೆಯಾಯಿತು. ಬದುಕಿನಲ್ಲಿ ಅಷ್ಟು ನೀರು ನನ್ನ ಮೈಗೆ ತಾಗಿದ್ದು ಅದೇ ಮೊದಲು, ಅದನ್ನೂ ಅನುಭವಿಸುವ ಹಾಗಿರಲಿಲ್ಲ. ಜನ ನಕ್ಕರು. ಗಂಡನಿಗೆ ಅವಮಾನವಾಯಿತು, ಮಂದಿ ನೋಡುತ್ತಿದ್ದಾರೆ ಏಳು ಎಂದು ತೋಳು ಹಿಡಿದು ಎಳೆದ. ನಾನು ಅವನ ಕಡೆ ನೋಡಲೇ ಇಲ್ಲ.

“ಮಾವಾರ, ನೀರು ಸುಳ್ಳು ಹೇಳತೈತೇನ್ರಿ?” ಎಂದು ಕೇಳಿದೆ.

“ಮಂದಿ ಹೇಳತಾರ. ನೀರು ಹೇಳಂಗಿಲ್ಲ.”

“ಹಂಗಾದ್ರ ಆ ದಾರ ನೋಡ್ರಿ. ಪೈಪಿನ್ಯಾಗ ನೀರು ಎಲ್ಲಿ ನಿಂತೈತಿ ನೋಡ್ರಿ. ಆಮ್ಯಾಲೆ ರಾಡು ಇಳಸ್ರಿ, ನಾ ಏಳತೇನಿ.”

ಓಣಿಯ ಉದ್ದಕ್ಕೆ ಕಟ್ಟಿದ ದಾರವೂ ಗುರುತಿಗೆ ಕಟ್ಟಿದ ಪೈಪಿನ ತುದಿಯೂ ಇನ್ನೂ ಹಾಗೇ ಇದ್ದವು. ಮಾವ ಒದ್ದೆ ಕೈಯಲ್ಲಿ ಪೈಪು ಹಿಡಿದು ಗೋಡೆಗೆ ಆನಿಸಿದರು. ನೀರು ತೂಗಾಡಿ ನಿಂತಿತು. ಅವರೂ ನನ್ನಂತೆಯೇ ಪೈಪು ತಟ್ಟಿದರು, ಮತ್ತೆ ಆನಿಸಿದರು. ನಾನು ಕುಳಿತಲ್ಲಿಂದಲೇ ಹೇಳುತ್ತ ಹೋದೆ. ಕೊಡ, ಹಗ್ಗ, ಪೀಪಾಯಿ, ಹೊದಿಕೆ, ಅದರಾಚೆಯ ಕಪ್ಪು, ಎಲ್ಲವನ್ನೂ ಹೇಳಿದೆ. ನಗು ನಿಂತಿತು. ಮಾವ ದಾರ ಮತ್ತು ನೀರಿನ ನಡುವಿನ ಆ ಗೇಣಿನಲ್ಲಿ ಕೈ ಅಗಲಿಸಿ ಇಟ್ಟರು.

“ಹಂಗಾದ್ರ ನಾ ಇಷ್ಟ ವರ್ಷ ತಟ್ಟಿದ ಬಾಗಿಲ?” ಎಂದರು.

ರಾಚಯ್ಯ ಅದನ್ನೂ ಹೇಳಿದ್ದರು. ಮೇಲ್ಬಾಗಿಲಾಚೆ ಒಂದು ಟೊಳ್ಳು, ಟೊಳ್ಳು ದಾಟಿ ಇಳಿದರೆ ಮತ್ತೆ ನಮ್ಮದೇ ಪೀಪಾಯಿಯ ಇನ್ನೊಂದು ಮಗ್ಗಲು. ಮೇಲೆ ಏರಿದರೂ ಯಂತ್ರದ ಗೋಡೆ ದಾಟಿ ನಡೆದರೂ ಎಲ್ಲಿಗೂ ಹೋಗದೆ ನಮ್ಮ ಓಣಿಗೇ ಬಂದು ಸೇರುತ್ತೇವೆ.

“ಅದು ನಮ್ಮ ಮನಿ ಬಾಗಿಲ ಮಾವಾರ,” ಅಂದೆ. “ಒಳಗಿಂದ ಒಳಗ ತಟ್ಟೀರಿ.”

ಮಾವ ಪೈಪು ಕೆಳಗಿಟ್ಟರು. ಮಗನ ಕೈಯಲ್ಲಿದ್ದ ರಾಡು ತಾವೇ ಇಸಿದುಕೊಂಡು ಗೋಡೆಗೆ ಒರಗಿಸಿದರು. ಆಮೇಲೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಗಿಂಡಿಯ ಮುಂದೆ ಕುಳಿತು ಅತ್ತೆಯ ಹೆಸರು ಹಿಡಿದು ಏನೋ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ರಾಚಯ್ಯ ಹೆದರಿದಂತೆ ಊರು ಸಾಯಲಿಲ್ಲ, ಬದುಕಿದೆ ಎನ್ನುವಂತೆಯೂ ಇರಲಿಲ್ಲ. ಒಂದಷ್ಟು ಜನ ಸಣ್ಣ ಕೋಣೆಯ ಮುಂದೆ ಸಾಲು ನಿಂತು ಪರದೆ ನೋಡಿ ಬಂದರು. ಒಂದಷ್ಟು ಜನ ನೀರುಮನೆಯವರು ಕಟ್ಟಿದ ಕತೆ ಎಂದರು. ಯಂತ್ರದ ಗೋಡೆಗೆ ತಲೆ ಚಚ್ಚಿಕೊಂಡವರೂ ಇದ್ದಾರೆ. ನನಗೆ ರಾತ್ರಿ ಉಸಿರು ಕಟ್ಟಿದಂತಾಗುತ್ತದೆ. ಮೊದಲೂ ಇದೇ ಗೋಡೆ, ಇದೇ ಸೂರು. ಆಗ ಅದು ಮನೆಯಾಗಿತ್ತು. ಕೊಳವೆಗೆ ಮುಚ್ಚಳ ಬೆಸೆದು ಕೈಪಂಪು ಕೂರಿಸಿದರು. ಸೋಸುವ ಯಂತ್ರ ರಿಪೇರಿಯಾಗುವವರೆಗೆ ಹೊದಿಕೆಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆಯುವುದು ಎಂದು ತೀರ್ಮಾನವಾಯಿತು. ಪ್ರತಿ ಕೊಡಕ್ಕೂ ನಮ್ಮ ಕಾವಲು ಅಷ್ಟು ತೆಳುವಾಗುತ್ತದೆ. ನಮ್ಮ ಗೋಡೆಯನ್ನು ನಾವೇ ಕುಡಿಯುತ್ತಿದ್ದೇವೆ.

ಯುಗಾದಿ ಬಂತು. ಕಾಲಿಗೆ ರೂಢಿ ಬಿದ್ದವರು ಮೆಟ್ಟಿಲೇರಿದರು. ಮಾವ ಹೋಗಲಿಲ್ಲ. ಹೊಸ ಧೋತರ ಉಟ್ಟು, ಗಿಂಡಿ ತಂದು ಕೈಪಂಪಿನ ಪಕ್ಕ ಇಟ್ಟುಕೊಂಡು, ನೆಲದ ಮೇಲೆ ಕುಳಿತರು. ಭೂಮಿ ಯಾವ ದಿಕ್ಕಿಗೆ ಎಂದು ನನ್ನನ್ನು ಕೇಳಿದರು. ನಮ್ಮ ಹೊರಗು ಎಂದರೆ ಕಾಲ ಕೆಳಗೆ, ಪೀಪಾಯಿ ತಿರುಗುವುದರಿಂದ ಒಂದು ತಂಬಿಗೆ ತುಂಬುವಷ್ಟರಲ್ಲಿ ಭೂಮಿ ನಮ್ಮ ಕೆಳಗಿನಿಂದ ಒಮ್ಮೆ ಹಾದು ಹೋಗುತ್ತದೆ ಎಂದೆ. ಅದು ಹಾದುಹೋದಾಗಲೊಮ್ಮೆ ಗಂಟೆ ಬಾರಿಸುವಂತೆ ರಾಚಯ್ಯನವರು ನೀರುಮನೆಯಲ್ಲಿ ಅಂದು ವ್ಯವಸ್ಥೆ ಮಾಡಿದ್ದರು. ಓಣಿಯವರೆಗೂ ಕೇಳಿಸುತ್ತಿತ್ತು.

“ಅಲ್ಲೆ ಯಾರರ ಉಳದಿರಬಹುದೇನ, ನಿಂಬೆವ್ವ?”

ಗೊತ್ತಿಲ್ಲ ಎಂದೆ. ನೀರುಮನೆಯ ಗಂಟೆ ಬಾರಿಸಿತು. ಮಾವ ಬಾಗಿ ನೆಲವನ್ನು ಮೂರು ಸಲ ತಟ್ಟಿದರು, ಬಾಗಿಲು ತಟ್ಟುವ ಹಾಗೆಯೇ. ಆಮೇಲೆ ನೆಲಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ನಾನು ಕೊಡ ಇಟ್ಟು ಪಂಪಿನ ಹಿಡಿಕೆ ಹಿಡಿದು ನಿಂತಿದ್ದೆ. ಅವರು ತಲೆ ಎತ್ತುವವರೆಗೂ ಹಿಡಿಕೆ ಒತ್ತಲಿಲ್ಲ.